ಏಳನೇ ಮೆಟ್ಟಿಲು

ನಾನು ಯಂಕೋಬ, ಜವಳಗೇರಾದಾಂವ,
ಎಡದಂಡೆ ಕಾಲುವಿ ಗೇಟು ಕಾಯಾಂವ.
ನನ್ನ ನೀರು ಒಂದೇ ದಿಕ್ಕಿನ ನೀರು.
ಮುನಿರಾಬಾದಿನಿಂದ ಫೋನು ಬಂದರೆ ಏಳ್ತದ,
ಫೋನು ಬಂದರೆ ಮಲಗ್ತದ.
ಚಕ್ರ ಎರಡು ಸುತ್ತು ತಿರುವಿದರೆ ಗದ್ದಿಗೆ ನೀರು,
ಮೂರು ತಿರುವಿದರೆ ಜಗಳ.

ಹದಿನಾರನೇ ವಯಸ್ಸಿಗೆ, ಅಪ್ಪಗ ಜ್ವರ ಬಂದು,
ಅಂವನ ಬದಲಿ ರಾತ್ರಿ ಪಾಳಿಗೆ ನಿಂತಾಗ
ಸಿಂಧನೂರು ಕ್ಯಾಂಪಿನ ಮುದುಕಿ, ಸುರೊಬಾಲಾ,
ದಂಡಿ ಮ್ಯಾಲೆ ಕುಂತು ಕೇಳಿದ್ಲು:
‘ಏ ಜೊಂಕೋಬಾ,
ನಿನ್ನ ಹೊಳಿ ತಿರುಗಿ ಯಾವಾಗ ಬರ್ತದ?’
(ಯ ಅನ್ನೋ ಅಕ್ಷರ ಆಕಿ ಬಾಯಾಗ ನಿಲ್ತಿದ್ದಿಲ್ಲ.)
ಇದು ಹೊಳಿ ಅಲ್ಲ ಆಯಿ, ಕಾಲುವಿ.
ಹೋದ ನೀರು ಬರಂಗಿಲ್ಲ, ಅಂದೆ.
‘ಛೀ,’ ಅಂದ್ಲು, ‘ಅದೆಂಥಾ ನೀರು.’

ಆಕಿ ಊರಾಗ
ಹೊಳಿ ದಿನಕ್ಕೆರಡು ಸಲ
ಸಮುದ್ರದ ತನಕ ಹೋಗಿ, ಏನೋ ಮರತಂಗಾಗಿ,
ತಿರುಗಿ ಮನಿಗೆ ಬರ್ತದಂತ.
ಹೇಳಾಂವ ಇಂಜಿನಿಯರಿಲ್ಲ, ಪಾಳಿ ಇಲ್ಲ, ಕೀಲಿ ಇಲ್ಲ.
ಹಿತ್ತಲ ಮೆಟ್ಟಿಲು ಒಂಬತ್ತು.
ಒಂದೊಂದೇ ಏರಿ, ಏಳನೇದ್ರ ಮ್ಯಾಲೆ ನಿಂತು,
ತುಳಸಿ ಕಟ್ಟಿ ಕಡೆ ಒಮ್ಮೆ ನೋಡಿ
ಇಳೀತದಂತ.

ಊರ ಹೆಸರು ಕಾಜೊಲ್‌ಡಾಂಗಾ.
ಮೆಟ್ಟಿಲ ಎಡಕ್ಕ ಈಚಲ ಮರ.
ಚಳಿಗಾಲಕ್ಕ ಗಡಿಗಿ ಕಟ್ಟಿ, ರಸ ಇಳಿಸಿ
ಬೆಲ್ಲ ಕಾಸ್ತಾರ ಅಂದ್ಲು.
ನಮ್ಮಲ್ಲಿ ಅದು ಸೇಂದಿ ಆಯಿ, ಅಂದೆ.
ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.
ಮೂರನೇ ಮನಿ ನಿಬಾರಣಂದು.
ಅಂವ ಕಟ್ಟೋ ದೋಣಿ ಎಂದೂ ಮುಗೀಲಿಲ್ಲ,
ಆಕಿ ಬಿಟ್ಟು ಬರೋ ದಿನಾನೂ
ಹಲಗಿ ಬಿಸಿಲಿಗೇ ಇದ್ದವು.

ನಮ್ಮೂರ ಹನುಮಪ್ಪನ ಗುಡಿಗೆ ಎಷ್ಟು ಮೆಟ್ಟಿಲು?
ಕೇಳಿದರೆ ಹೋಗಿ ಎಣಿಸಿ ಬರಬೇಕು.

ನಾ ಹೋಗಿಲ್ಲ.
ಮಂತ್ರಾಲಯ ನೋಡೀನಿ,
ಒಮ್ಮೆ ಹೈದರಾಬಾದಿನ ದವಾಖಾನಿ.
ಅಷ್ಟ.

ಆದರೂ ಏಪ್ರಿಲಿನಾಗ ಕಾಲುವಿ ಬಂದಾಗಿ
ತಳ ಬಿರುಕು ಬಿಟ್ಟಾಗ,
ಒಳಗಿಳಿದು ಒಬ್ಬನೇ ನಿಂತರೆ
ಕಣಕಾಲಿಗೆ ತಣ್ಣಗ ಏನೋ ಬಂದು ಹತ್ತತದ.
ಈಗ ಅಲ್ಲಿ ಏರತಿರಬೇಕು, ಅಂತೀನಿ.
ನೆನಪು ಅನ್ನಂಗಿಲ್ಲ ಇದಕ್ಕ,
ಕಂಡದ್ದು ತಾನೆ ನೆನಪಾಗೋದು?
ಹುಲಿಗೆಮ್ಮ, ನನ್ನ ಹೆಂಡ್ತಿ, ಅಂತಾಳ:
ಹೋದ ಜನ್ಮದಾಗ ಮೀನ ಇದ್ದಿ ಬಿಡು,
ಯಾರದೋ ಪಳ್ಯಾ ಆಗಿ ಬಂದಿ.

ಸುರೊಬಾಲಾ ಹೋದ ಮಾಘದಾಗ ತೀರಿದಳು.
ಕ್ಯಾಂಪಿನ ಹಿಂದಿನ ಹಳ್ಳದ ದಂಡ್ಯಾಗ ಸುಟ್ಟರು.
ನಾ ಗೇಟು ಒಂದು ಗೇಣು ಎತ್ತಿದೆ,
ಯಾವ ಫೋನೂ ಬಂದಿದ್ದಿಲ್ಲ.

ಮೊಮ್ಮಗ ಬಿಪುಲ್, ಟಂಟಂ ಓಡಿಸಾಂವ,
ನನಗಿಂತ ಚಲೋ ಕನ್ನಡ ಬೈತಾನ.
ಮೊನ್ನೆ ಅರ್ಜಿ ಹಿಡಿದು ಬಂದ.
‘ಯಂಕೋಬಣ್ಣ, ಅಜ್ಜಿ ಊರು ಯಾವುದೋ?
ಅಪ್ಪ ಬರೋ ಮುಂದ ಮೂರು ತಿಂಗಳ ಕೂಸು,
ಮನ್ಯಾಗ ಯಾರಿಗೂ ಗೊತ್ತಿಲ್ಲ.’

ತಹಸೀಲು ಕಚೇರ್ಯಾಗ ಫ್ಯಾನು ಕಿರಗುಡತಿತ್ತು.
ಊರು? ಅಂದ ಗುಮಾಸ್ತ.
ಕಾಜೊಲ್‌ಡಾಂಗಾ, ಅಂದೆ ನಾನು.
ಗುರುತು?
ಹೊಳಿ ಅದ ಸರ್. ಒಂಬತ್ತು ಮೆಟ್ಟಿಲು,
ಎಡಕ್ಕ ಈಚಲ ಮರ.
ಮೂರನೇ ಮನಿ ಮುಂದೊಂದು ದೋಣಿ,
ಹಲಗಿ ಜೋಡಿಸೋದು ಬಾಕಿ ಅದ.

ಪೆನ್ನು ನಿಲ್ಲಿಸಿ, ತಲಿ ಎತ್ತಿ ಕೇಳಿದ:
‘ನೀ ಅಲ್ಲಿಂದ ಯಾವಾಗ ಬಂದ್ಯಪಾ?’

ಬಂದಿಲ್ಲ ಅನ್ನಬೇಕಿತ್ತು.
ಜವಳಗೇರಾ ಅನ್ನಬೇಕಿತ್ತು.
ನಾಲಗಿ ಮ್ಯಾಲೆ ನೀರು
ಏಳನೇ ಮೆಟ್ಟಿಲ ತನಕ ಬಂದು ನಿಂತಿತ್ತು.

‘ಅಂವ ಇಲ್ಲಿಯಾಂವನ ರೀ,’ ಅಂದ ಬಿಪುಲ್, ನಕ್ಕ.

ಸಾಕ್ಷಿಯ ಕಡೆ ಸಹಿ ಹಾಕು ಅಂದರು.
ಜೊಂಕೋಬ ಅಂತ ಬರದೆ.
ಹೊಡದೆ.
ಮತ್ತ ಬರದೆ.